ಬಿಸಿನೀರಿಗೆ ಬಗ್ಗಿದ ಸ್ಟೀರಿಂಗ್

ನಮ್ಮ ಮನೆಯ ಜೀಪು ನನಗಿಂತ ಏಳು ವರ್ಷ ದೊಡ್ಡದು. 1972ರಲ್ಲಿ ತಯಾರಾದದ್ದು. ನನಗೆ ನಾಲ್ಕು ವರ್ಷವಾಗಿದ್ದಾಗ, 1983ರಲ್ಲಿ, ಅಪ್ಪಯ್ಯ ಅದನ್ನು ಒಂದು ಎಸ್ಟೇಟಿನಿಂದ ಸೆಕೆಂಡ್ ಹ್ಯಾಂಡ್ ತಂದರು. ಕೊಪ್ಪದಿಂದ ಒಳಗೆ, ಡಾಂಬರು ಮುಗಿದ ಮೇಲೂ ಎರಡು ಮೈಲಿ ಮಣ್ಣುರಸ್ತೆ ದಾಟಿ ಹೋಗಬೇಕಾದ ಮನೆ ನಮ್ಮದು. ಆಗೆಲ್ಲ ಮಳೆಗಾಲದಲ್ಲಿ ಆ ರಸ್ತೆಯಲ್ಲಿ ಬರುತ್ತಿದ್ದ ವಾಹನ ಅದೊಂದೇ. ಅಡಿಕೆ ಚೀಲ, ಗೊಬ್ಬರದ ಮೂಟೆ, ಮದುವೆ ದಿಬ್ಬಣ, ಹೆರಿಗೆಗೆ ಹೊರಟವರು, ಹಾವು ಕಚ್ಚಿದವರು, ಹೀಗೆ ಅದು ಹೊರದ ಹೊರೆಯಿಲ್ಲ.

ಕಳೆದ ದಸರಾ ರಜೆಗೆ ಹೆಂಡತಿ, ಮಗನ ಜೊತೆ ಊರಿಗೆ ಹೋದಾಗ ಅಮ್ಮ ಕಾಫಿ ಲೋಟ ಕೈಗಿಡುವ ಮೊದಲೇ ದೂರು ಹೇಳಿದರು. "ನಿನ್ನ ಅಪ್ಪಯ್ಯನಿಗೆ ನೀನಾದರೂ ಬುದ್ಧಿ ಹೇಳು. ಆಷಾಢದಲ್ಲಿ ಜೀಪನ್ನು ಚರಂಡಿಗೆ ಇಳಿಸಿದ್ದರು. ಚರಂಡಿ ಕಡೆ ಹೋಯಿತು, ಬದುಕಿದರು. ಈಚೆ ಕಡೆ ಹೋಗಿದ್ದರೆ?"

ಈಚೆ ಕಡೆ ನಲವತ್ತು ಅಡಿ ಕೆಳಗೆ ತೋಟ. ನಾನು ಉತ್ತರ ಕೊಡಲಿಲ್ಲ.

ಜೀಪನ್ನು ನೋಡಿದೆ. ಸ್ಟೀರಿಂಗನ್ನು ಅರ್ಧ ಗೇಣು ಆಚೆ ಈಚೆ ತಿರುಗಿಸಿದರೂ ಮುಂದಿನ ಗಾಲಿ ಕದಲುತ್ತಿರಲಿಲ್ಲ. ಮೆಕ್ಯಾನಿಕ್‌ಗಳು ಇದನ್ನು 'ಪ್ಲೇ' ಎನ್ನುತ್ತಾರೆ. ನಾವು ತಿರುಗಿಸಿದ್ದು ಗಾಲಿಗೆ ತಲುಪುವ ಮೊದಲೇ ನಡುದಾರಿಯಲ್ಲಿ ಕಳೆದುಹೋಗುವುದು. ಹಳೆಯ ಜೀಪಿನಲ್ಲಿ ಸ್ವಲ್ಪ ಪ್ಲೇ ಇದ್ದೇ ಇರುತ್ತದೆ. ಇಷ್ಟಿದ್ದರೆ ಅಪಾಯ. ಸ್ಟೀರಿಂಗ್ ಬಾಕ್ಸ್ ಬಿಚ್ಚಿ ಒಳಗೆ ಸವೆದ ಭಾಗಗಳನ್ನು ಬದಲಿಸಬೇಕು. ಆ ಬಾಕ್ಸ್ ಹೊರಗೆ ಬರಬೇಕಾದರೆ ಮೊದಲು ಮೇಲಿನ ಸ್ಟೀರಿಂಗ್ ಚಕ್ರ ಬಿಚ್ಚಬೇಕು. ಒಂದು ನಟ್ ತೆಗೆದರೆ ಬರಬೇಕಾದ ಚಕ್ರ ಅದು.

ಅಮ್ಮನ ಷರತ್ತು ಸ್ಪಷ್ಟವಾಗಿತ್ತು. ಆಯುಧಪೂಜೆಯೊಳಗೆ ಸರಿಯಾಗದಿದ್ದರೆ ಜೀಪು ಗುಜರಿಗೆ. ಗುಜರಿಯವನು ಆಗಲೇ ಒಮ್ಮೆ ಬಂದು ಸುತ್ತು ಹಾಕಿ ಹೋಗಿದ್ದನಂತೆ. ಅಪ್ಪಯ್ಯನದೂ ಒಂದು ಷರತ್ತು: "ಏನು ಬೇಕಾದರೂ ಮಾಡಿ. ಸ್ಟೀರಿಂಗ್ ಚಕ್ರ ಕೊಯ್ಯಬಾರದು, ಒಡೆಯಬಾರದು."

ಆಯುಧಪೂಜೆಗೆ ಎಂಟು ದಿನ ಉಳಿದಿತ್ತು.

ಯುದ್ಧದಿಂದ ತೋಟಕ್ಕೆ ಬಂದ ಗಾಡಿ

ಮಕ್ಕಳೇ, ನಿಮ್ಮಲ್ಲಿ ಹಲವರು ಇಂಥ ಜೀಪನ್ನು ಮಲೆನಾಡಿನ ಕಡೆ ಹೋದಾಗ ನೋಡಿರುತ್ತೀರಿ. ಇದರ ಮೂಲ ಅಮೆರಿಕ. ಎರಡನೇ ಮಹಾಯುದ್ಧದಲ್ಲಿ ಸೈನಿಕರ ಓಡಾಟಕ್ಕೆಂದು ಹುಟ್ಟಿದ ಪುಟ್ಟ ಗಾಡಿ ಇದು. ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಸೇರಿ ಆಗ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ರೈತರಿಗೆ, ಸಾಮಾನ್ಯ ಜನರಿಗೆ ಮಾರಲು ಮಾಡಿದ ಜೀಪಿಗೆ 'ಸಿವಿಲಿಯನ್ ಜೀಪ್' ಎಂಬುದರ ಮೊದಲಕ್ಷರ ಸೇರಿಸಿ 'ಸಿಜೆ' ಎಂದು ಹೆಸರಿಟ್ಟರು.

ನಮ್ಮದು ಸಿಜೆ-3ಬಿ. ಎಂಜಿನ್ ಎತ್ತರವಿದ್ದುದರಿಂದ ಅದನ್ನು ಮುಚ್ಚುವ ಬಾನೆಟ್ಟೂ ಎತ್ತರ. ಹಾಗಾಗಿ ಮುಖ ಸ್ವಲ್ಪ ಉದ್ದ ಕಾಣುತ್ತದೆ. ಅಮೆರಿಕದಲ್ಲಿ ಈ ಮಾದರಿ 1953ರಿಂದ 1968ರವರೆಗೆ ತಯಾರಾಯಿತು. ಅಲ್ಲಿ ನಿಂತ ಮೇಲೂ ಭಾರತದಲ್ಲಿ ಮಹೀಂದ್ರಾ ಕಂಪೆನಿ ಲೈಸೆನ್ಸ್ ಪಡೆದು ತಯಾರಿಸುತ್ತಲೇ ಇತ್ತು. ನಾಲ್ಕೂ ಗಾಲಿಗೆ ಬಲ ಕೊಡುವ ಈ ಗಾಡಿ ನಮ್ಮ ಕೆಸರಿಗೆ, ಏರಿಗೆ ಹೇಳಿ ಮಾಡಿಸಿದಂತಿತ್ತು.

ಹೆಚ್ಚು ಭಾಗಗಳಿಲ್ಲ, ಕಂಪ್ಯೂಟರ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಎಲ್ಲವನ್ನೂ ಕಣ್ಣಾರೆ ನೋಡಿ ಬಿಚ್ಚಬಹುದು. ನಾನು ಮೋಸಹೋದದ್ದು ಅಲ್ಲಿಯೇ.

ನಾನು ಮಾಡಿದ ತಪ್ಪು

ಮರುದಿನ ಬೆಳಿಗ್ಗೆ ಅಪ್ಪಯ್ಯ ತೋಟಕ್ಕೆ ಹೋಗಿದ್ದರು. ಒಂದು ನಟ್ ಬಿಚ್ಚಲು ಮೆಕ್ಯಾನಿಕ್ ಯಾಕೆ ಎಂದುಕೊಂಡು ಏಳನೇ ತರಗತಿಯ ಮಗನನ್ನು ಸಹಾಯಕ್ಕೆ ಕರೆದೆ. ಬ್ಯಾಟರಿಯ ವೈರ್ ಕಳಚಿದೆ. ಇಲ್ಲದಿದ್ದರೆ ಹಾರ್ನ್ ಹೊಡೆದುಕೊಳ್ಳುತ್ತಲೇ ಇರುತ್ತದೆ. ಹಾರ್ನ್ ಬಟನ್ ತೆಗೆದೆ, ಕೆಳಗಿನ ಸ್ಪ್ರಿಂಗ್ ಜೋಪಾನವಾಗಿ ಡಬ್ಬಿಗೆ ಹಾಕಿದೆ. ನಟ್ಟಿಗೆ ಬಾಕ್ಸ್ ಸ್ಪ್ಯಾನರ್ ಹಾಕಿ ಮೈಭಾರ ಬಿಟ್ಟು ಎಳೆದಾಗ ಕಿರ್ರೆಂದು ತಿರುಗಿತು. ಅಲ್ಲಿಯವರೆಗೆ ಎಲ್ಲ ಸರಿ.

ಚಕ್ರ ಮಾತ್ರ ಬರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎಳೆದೆ. ಮೊಣಕಾಲನ್ನು ಕೆಳಗಿನಿಂದ ಒತ್ತಿ ಎಳೆದೆ. ಸೀಟಿನ ಮೇಲೆ ನಿಂತು ಎಳೆದೆ. ಇಡೀ ಜೀಪು ಅಲುಗಾಡಿತೇ ಹೊರತು ಚಕ್ರ ಕೂದಲೆಳೆಯಷ್ಟೂ ಏಳಲಿಲ್ಲ.

ಆಗ ನಾನು ಮಾಡಬಾರದ್ದನ್ನು ಮಾಡಿದೆ. ನಟ್ಟನ್ನು ಪೂರ್ತಿ ತೆಗೆದಿಟ್ಟು, ಚಕ್ರವನ್ನು ಮೇಲಕ್ಕೆ ಎಳೆದು ಹಿಡಿದುಕೊಂಡು, "ಈ ಕಂಬಿಯ ತಲೆಗೆ ಒಂದು ಏಟು ಹಾಕು ಪುಟ್ಟ" ಎಂದು ಮಗನ ಕೈಗೆ ಸುತ್ತಿಗೆ ಕೊಟ್ಟೆ. ಅವನು ಮೆಲ್ಲಗೆ ಹೊಡೆದ. "ಇನ್ನೂ ಜೋರಾಗಿ" ಎಂದೆ. ಜೋರಾಗಿ ಹೊಡೆದ. ಹತ್ತು ಹದಿನೈದು ಏಟು ಬಿದ್ದಿರಬೇಕು. ಬಗ್ಗಿ ನೋಡಿದರೆ ಶಾಫ್ಟಿನ ತುದಿ ಅಣಬೆಯ ಹಾಗೆ ಅರಳಿತ್ತು. ನಟ್ಟನ್ನು ಮತ್ತೆ ಹಾಕಲು ಹೋದರೆ ಥ್ರೆಡ್ ಹಿಡಿಯಲಿಲ್ಲ.

ಚಕ್ರ ಹೊರಗೂ ಬಾರದು, ನಟ್ ಒಳಗೂ ಹೋಗದು. ತೋಟದಿಂದ ಬಂದ ಅಪ್ಪಯ್ಯ ಅದನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಹೇಳದೆ ಕೈಕಾಲು ತೊಳೆಯಲು ಹೋದರು. ಬೈದಿದ್ದರೆ ಚೆನ್ನಾಗಿತ್ತು. ಮಗ, "ಅಪ್ಪ, ನಾನು ಜೋರಾಗಿ ಹೊಡೆದದ್ದಕ್ಕೆ ಹೀಗಾಯಿತಾ?" ಎಂದು ಕೇಳಿದ. "ಇಲ್ಲ, ಹೊಡೆ ಎಂದದ್ದು ನಾನು" ಎಂದೆ. ಅಷ್ಟನ್ನು ಹೇಳಲೂ ಗಂಟಲು ಕಟ್ಟಿತು.

ಬೆಣೆಯ ಗುಟ್ಟು

ಮಾರನೆಯ ದಿನ ಪೇಟೆಯ ಗ್ಯಾರೇಜಿನಿಂದ ಮೇಸ್ತ್ರಿ ಬಂದರು. ಅರವತ್ತು ದಾಟಿದ ಮನುಷ್ಯ. ಶಾಫ್ಟಿನ ತುದಿಯನ್ನು ಹೆಬ್ಬೆರಳಿನಿಂದ ಸವರಿ, "ಯಾರು ಹೊಡೆದದ್ದು?" ಎಂದರು. "ನಾನೇ" ಎಂದೆ. "ಎಲ್ಲರೂ ಒಂದು ಸಲ ಹೊಡೆಯುತ್ತಾರೆ. ನಾನೂ ಹೊಡೆದಿದ್ದೆ" ಎಂದು ಕನ್ನಡಕ ಹಾಕಿಕೊಂಡರು. ತ್ರಿಕೋನದ ಸಣ್ಣ ಅರದಿಂದ ಅರಳಿದ ಅಂಚನ್ನು ತೀಡಿ, ಒಂದೊಂದೇ ಥ್ರೆಡ್ಡಿನ ಗೆರೆಯನ್ನು ಎಬ್ಬಿಸಲು ಅವರಿಗೆ ಎರಡು ಗಂಟೆ ಹಿಡಿಯಿತು. ಕೊನೆಗೆ ನಟ್ ತಿರುಗಿಕೊಂಡು ಕೂತಾಗ ನನಗೆ ಹೋದ ಜೀವ ಬಂದಂತಾಯಿತು.

ಕೆಲಸ ಮಾಡುತ್ತಲೇ ಅವರು ನನ್ನ ಮಗನಿಗೆ ಪಾಠ ಹೇಳಿದರು. ನಾನೂ ಕೇಳಿಸಿಕೊಂಡೆ.

ಸ್ಟೀರಿಂಗ್ ಶಾಫ್ಟಿನ ಮೇಲ್ತುದಿ ನೇರ ಕೊಳವೆಯಲ್ಲ. ಮೇಲೆ ಹೋಗುತ್ತ ಸಣ್ಣಗಾಗುತ್ತದೆ. ಮೈಮೇಲೆ ಹಲ್ಲಿನಂಥ ಸಣ್ಣ ಗೆರೆಗಳಿರುತ್ತವೆ. ಚಕ್ರದ ನಡುವೆ ಇರುವ ದಪ್ಪ ಉಕ್ಕಿನ ಉಂಗುರಕ್ಕೆ ಹಬ್ ಎನ್ನುತ್ತಾರೆ. ಅದರ ತೂತೂ ಹಾಗೆಯೇ, ಕೆಳಗೆ ಅಗಲ, ಮೇಲೆ ಕಿರಿದು. ನಟ್ ಬಿಗಿದಷ್ಟೂ ಹಬ್ ಕೆಳಗಿಳಿದು ಶಾಫ್ಟನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಸೌದೆ ಸೀಳುವಾಗ ದಿಮ್ಮಿಗೆ ಬೆಣೆ ಹೊಡೆಯುತ್ತೇವಲ್ಲ, ಅದೇ ತತ್ತ್ವ. ಬೆಣೆ ಸಪೂರವಿದ್ದಷ್ಟೂ ಹೊಡೆದ ಮೇಲೆ ತಾನಾಗಿ ಹಿಂದೆ ಬರುವುದಿಲ್ಲ. ತಿಕ್ಕಾಟವೇ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ನಟ್ ತೆಗೆದರೂ ಚಕ್ರ ಅಪ್ಪುಗೆ ಬಿಡುವುದಿಲ್ಲ. ಒಂದು ರೀತಿಯಲ್ಲಿ ಅದು ಒಳ್ಳೆಯದೇ. ಓಡುವಾಗ ನಟ್ ಸಡಿಲವಾದರೂ ಚಕ್ರ ಕೈಗೆ ಬಂದುಬಿಡುವುದಿಲ್ಲ.

ಇದರ ಮೇಲೆ ನಮ್ಮ ಮಲೆನಾಡಿನ ಮಳೆ. ಕಬ್ಬಿಣ, ನೀರು, ಗಾಳಿಯಲ್ಲಿನ ಆಮ್ಲಜನಕ ಮೂರೂ ಸೇರಿದರೆ ತುಕ್ಕು. ತುಕ್ಕಾಗುವ ಕಬ್ಬಿಣ ತಾನು ಮೊದಲಿದ್ದ ಜಾಗದ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಹಬ್ ಮತ್ತು ಶಾಫ್ಟಿನ ನಡುವೆ ಜಾಗವೇ ಇಲ್ಲ. ಹಾಗಾಗಿ ಅಲ್ಲಿ ಹುಟ್ಟಿದ ತುಕ್ಕು ಎರಡನ್ನೂ ಒತ್ತಿ ಅಂಟು ಹಾಕಿದಂತೆ ಕೂರುತ್ತದೆ.

"ಹಾಗಾದರೆ ಸುತ್ತಿಗೆ ಏಟು ಯಾಕೆ ತಪ್ಪು?" ಮಗ ಕೇಳಿದ.

ಮೇಸ್ತ್ರಿ ಕೆಳಗೆ ಬೆರಳು ತೋರಿಸಿದರು. ಶಾಫ್ಟಿನ ಬುಡ ಸ್ಟೀರಿಂಗ್ ಬಾಕ್ಸಿನೊಳಗೆ ಸಣ್ಣ ಸಣ್ಣ ಉಕ್ಕಿನ ಗುಂಡುಗಳ ಬೇರಿಂಗ್ ಮೇಲೆ ಕೂತಿರುತ್ತದೆ. ಮೇಲೆ ಕೊಟ್ಟ ಏಟು ನೇರ ಆ ಗುಂಡುಗಳಿಗೆ ಹೋಗುತ್ತದೆ. ಅವು ಕೂರುವ ಬಟ್ಟಲಿನಲ್ಲಿ ಗುಳಿ ಬೀಳುತ್ತದೆ. ಒಂದನ್ನು ಬಿಚ್ಚಲು ಹೋಗಿ ಇನ್ನೊಂದನ್ನು ಹಾಳು ಮಾಡಿದಂತೆ.

"ಮತ್ತೆ ನಟ್ಟನ್ನು ಪೂರ್ತಿ ತೆಗೆಯಬಾರದು" ಎಂದರು. "ನಾಲ್ಕು ಸುತ್ತು ಸಡಿಲಿಸಿ ಅಲ್ಲೇ ಬಿಡಬೇಕು. ಥ್ರೆಡ್ಡೂ ಉಳಿಯುತ್ತದೆ, ಮುಖವೂ ಉಳಿಯುತ್ತದೆ." ಮುಖ ಹೇಗೆ ಉಳಿಯುತ್ತದೆ ಎಂಬುದು ಆಗ ನಮಗೆ ಅರ್ಥವಾಗಲಿಲ್ಲ.

ಲೇತ್ ಅಂಗಡಿಯ ಪುಲ್ಲರ್

ಹೊಸ ಗಾಡಿಗಳ ಹಬ್ಬಿನಲ್ಲಿ ಸಾಮಾನ್ಯವಾಗಿ ಪುಲ್ಲರ್ ಬೋಲ್ಟ್ ಹಾಕಲೆಂದೇ ಎರಡು ತೂತು ಇರುತ್ತವೆ. ನಮ್ಮದರಲ್ಲಿ ಇರಲಿಲ್ಲ. ಚಕ್ರದ ಕಡ್ಡಿಗಳಿಗೆ ಕೊಕ್ಕೆ ಹಾಕಿ ಎಳೆದರೆ ಮೇಲಿನ ಕಪ್ಪು ಗಟ್ಟಿ ಹೊದಿಕೆ ಬಿರುಕು ಬಿಡುತ್ತದೆ. ಗ್ಯಾಸ್ ಬೆಂಕಿಯಿಂದ ಹಬ್ಬನ್ನು ಕಾಯಿಸಿದರೆ ಅದೇ ಹೊದಿಕೆ ಕರಗುತ್ತದೆ. "ಕೊಯ್ದು ಹಾಕಿದರೆ ಹತ್ತು ನಿಮಿಷದ ಕೆಲಸ. ಇದೇ ನಮೂನೆಯ ಹೊಸ ಚಕ್ರ ತರಿಸಬಹುದು" ಎಂದರು ಮೇಸ್ತ್ರಿ. ಅಪ್ಪಯ್ಯ ತಲೆಯಾಡಿಸಿದರು.

ನಾನು ಆ ಚಕ್ರವನ್ನು ನೋಡಿದೆ. ಬಲಗೈ ಕೂರುವ ಜಾಗದಲ್ಲಿ ಬೆರಳಿನ ಹಿಡಿತಕ್ಕೆ ಬಿದ್ದ ಏರಿಳಿತಗಳು ಸವೆದು ನುಣ್ಣಗಾಗಿದ್ದವು. ಎಡಗಡೆ ಅಷ್ಟು ಸವೆದಿರಲಿಲ್ಲ. ಆ ಕೈ ಅರ್ಧ ಹೊತ್ತು ಗೇರಿನ ಮೇಲಿರುತ್ತದಲ್ಲ. ಚಿಕ್ಕಂದಿನಲ್ಲಿ ಅಪ್ಪಯ್ಯನ ತೊಡೆಯ ಮೇಲೆ ಕೂತು ಅಂಗಳದಲ್ಲಿ ಜೀಪು ತಿರುಗಿಸಿದ್ದು ನೆನಪಾಯಿತು. ತಿರುಗಿಸುತ್ತಿದ್ದವರು ಅವರೇ. ನಾನು ಹಿಡಿದುಕೊಂಡಿದ್ದೆ, ಅಷ್ಟೇ. ಕೊಯ್ಯುವ ಮಾತನ್ನು ನಾನೂ ಆಡಲಿಲ್ಲ.

ಮೇಸ್ತ್ರಿ ಅಳತೆ ತೆಗೆದುಕೊಂಡು ಹೋಗಿ, ಪೇಟೆಯ ಲೇತ್ ಅಂಗಡಿಯಲ್ಲಿ ಒಂದು ಪುಲ್ಲರ್ ಮಾಡಿಸಿ ತಂದರು. ಅರ್ಧಚಂದ್ರಾಕಾರದ ಎರಡು ದಪ್ಪ ಕಬ್ಬಿಣದ ಹೋಳು. ಅವನ್ನು ಹಬ್ಬಿನ ಅಡಿಯಲ್ಲಿ ಎರಡೂ ಕಡೆಯಿಂದ ತೂರಿಸಿ ಬೋಲ್ಟ್ ಹಾಕಿ ಕೂಡಿಸಿದರು. ಮೇಲೊಂದು ಅಡ್ಡಪಟ್ಟಿ. ಎರಡು ಉದ್ದ ಬೋಲ್ಟ್ ಕೆಳಗಿನ ಹೋಳನ್ನೂ ಮೇಲಿನ ಪಟ್ಟಿಯನ್ನೂ ಜೋಡಿಸಿದವು. ಪಟ್ಟಿಯ ನಡುವೆ ಇರುವ ದೊಡ್ಡ ಬೋಲ್ಟ್ ಶಾಫ್ಟಿನ ತಲೆಯನ್ನು ಕೆಳಕ್ಕೆ ಒತ್ತುತ್ತದೆ. ಅದು ಒತ್ತಿದಷ್ಟೂ ಹಬ್ ಮೇಲಕ್ಕೆ ಎಳೆಯಲ್ಪಡುತ್ತದೆ. ಎಳೆತ ಹಬ್ಬಿನ ಮೇಲೆ ಮಾತ್ರ, ಕಡ್ಡಿಗಳಿಗೆ ನೋವಿಲ್ಲ.

ನಮ್ಮ ಜೀಪಿನ ಶಾಫ್ಟ್ ಒಳಗೆ ಟೊಳ್ಳು. ಹಾರ್ನಿನ ವೈರ್ ಅದರೊಳಗೇ ಮೇಲೆ ಬರುತ್ತದೆ. ಬೋಲ್ಟ್ ನೇರ ಅಲ್ಲಿಗೆ ಒತ್ತಿದರೆ ವೈರೂ ಜಜ್ಜುತ್ತದೆ, ಕೊಳವೆಯ ಬಾಯೂ ಅಗಲವಾಗುತ್ತದೆ. ಅದಕ್ಕೆ ವೈರನ್ನು ಒಳಕ್ಕೆ ಸರಿಸಿ, ಮೇಲೆ ಒಂದು ದಪ್ಪ ಬಿಲ್ಲೆ ಇಟ್ಟರು.

ಒಂದು ಬೋಲ್ಟಿಗೆ ಎಷ್ಟು ಶಕ್ತಿ ಇರುತ್ತದೆ? ಮಗ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದ. ಸ್ಪ್ಯಾನರಿನ ಉದ್ದ 30 ಸೆಂಟಿಮೀಟರ್. ಒಂದು ಸುತ್ತು ಬಂದರೆ ಕೈ ಸುಮಾರು 188 ಸೆಂಟಿಮೀಟರ್ ದೂರ ಸಾಗುತ್ತದೆ. ಅಷ್ಟರಲ್ಲಿ ಬೋಲ್ಟ್ ಕೆಳಗಿಳಿಯುವುದು 2 ಮಿಲಿಮೀಟರ್ ಮಾತ್ರ. ಅಂದರೆ ಕೈಯ ಬಲ ಒಂಬೈನೂರು ಪಟ್ಟಿಗೂ ಹೆಚ್ಚಾಗಬೇಕು. ಅದರಲ್ಲಿ ಬಹುಪಾಲನ್ನು ತಿಕ್ಕಾಟ ತಿಂದುಹಾಕುತ್ತದೆ. ಆದರೂ ಹತ್ತು ಕಿಲೋ ಭಾರದಷ್ಟು ಬಲ ಹಾಕಿ ತಿರುಗಿಸಿದರೆ ಒಂದು ಟನ್ನಿನ ಆಸುಪಾಸಿನ ಎಳೆತ ಸಿಗುತ್ತದೆ. ನಾನು ಸೀಟಿನ ಮೇಲೆ ನಿಂತು ಎಳೆದದ್ದೆಲ್ಲ ಇದರ ಮುಂದೆ ಏನೂ ಅಲ್ಲ.

ಬಿಗಿಯುವ ಮೊದಲು ಮುಂದಿನ ಗಾಲಿಗಳನ್ನು ನೇರ ನಿಲ್ಲಿಸಿದರು. ಹಬ್ ಮತ್ತು ಶಾಫ್ಟ್ ಸೇರುವ ಸಂದಿಗೆ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಹನಿ ಹನಿಯಾಗಿ ಬಿಟ್ಟರು. ಆಮೇಲೆ ಪುಲ್ಲರ್ ಬಿಗಿದರು. ಬೋಲ್ಟ್ ತಿರುಗಿತು, ಗಟ್ಟಿಯಾಯಿತು, ಇನ್ನೂ ಗಟ್ಟಿಯಾಯಿತು. ಚಕ್ರ ಕದಲಲಿಲ್ಲ. ಹಬ್ಬಿನ ಬದಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಕದಲಲಿಲ್ಲ.

"ಇನ್ನು ಬಿಗಿದರೆ ಏನಾದರೂ ಮುರಿಯುತ್ತದೆ. ಎಳೆತ ಹಾಗೇ ಇರಲಿ. ರಾತ್ರಿ ಎಣ್ಣೆ ಕುಡಿಯಲಿ" ಎಂದು ಮೇಸ್ತ್ರಿ ಬೀಡಿ ಹಚ್ಚಿದರು.

ಅಮ್ಮನ ಲೋಟ

ಆ ರಾತ್ರಿ ಊಟದ ಹೊತ್ತಿಗೆ ಅಡುಗೆಮನೆಯಲ್ಲಿ ಎರಡು ಸ್ಟೀಲ್ ಲೋಟ ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಯಾರೋ ತೊಳೆದು ಜೋಡಿಸುವಾಗ ಒತ್ತಿಟ್ಟಿದ್ದರು. ಮಗ ಎಳೆದ, ಹೆಂಡತಿ ಎಳೆದಳು, ಬರಲಿಲ್ಲ. ಅಮ್ಮ ತೆಗೆದುಕೊಂಡು ಒಳಗಿನ ಲೋಟಕ್ಕೆ ತಣ್ಣೀರು ತುಂಬಿ, ಎರಡನ್ನೂ ಬಿಸಿನೀರಿನ ಪಾತ್ರೆಯಲ್ಲಿ ಅರ್ಧ ಮುಳುಗಿಸಿದರು. ಒಂದು ನಿಮಿಷ ಬಿಟ್ಟು ತಿರುಚಿದರೆ ಲೋಟ ಬೇರೆ ಬೇರೆ.

ಮಗ ಲೋಟವನ್ನೇ ನೋಡುತ್ತ ಕೂತ. ಮೇಲೆ ಅಗಲ, ಕೆಳಗೆ ಕಿರಿದು. "ಅಜ್ಜಿ, ಇದು ಸ್ಟೀರಿಂಗ್ ಥರವೇ ಇದೆಯಲ್ಲ, ಉಲ್ಟಾ!" ಎಂದ.

ನಾನು ನಗಲು ಹೋದೆ. ಆಮೇಲೆ ನಗು ನಿಂತಿತು. ಅವನು ಹೇಳಿದ್ದು ಸರಿಯಾಗಿತ್ತು. ಹೊರಗಿನ ಲೋಟ ಕಾದು ಹಿಗ್ಗುತ್ತದೆ, ಒಳಗಿನದು ತಣ್ಣಗಿದ್ದು ಹಿಗ್ಗದು. ನಡುವೆ ಚೂರು ಸಂದು ಬೀಳುತ್ತದೆ. ಹಬ್ ಹೊರಗಿನ ಲೋಟ, ಶಾಫ್ಟ್ ಒಳಗಿನದು.

ಉಕ್ಕು ಎಷ್ಟು ಹಿಗ್ಗುತ್ತದೆ? ಒಂದು ಮೀಟರ್ ಉದ್ದದ ಉಕ್ಕಿನ ಕಂಬಿ 100 ಡಿಗ್ರಿ ಹೆಚ್ಚು ಕಾದರೆ ಸುಮಾರು 1.2 ಮಿಲಿಮೀಟರ್ ಬೆಳೆಯುತ್ತದೆ. ಎರಡು ಸೆಂಟಿಮೀಟರ್ ಅಗಲದ ತೂತಿನ ಹಬ್, ಶಾಫ್ಟಿಗಿಂತ 50 ಡಿಗ್ರಿ ಹೆಚ್ಚು ಬಿಸಿಯಾದರೆ ತೂತು ದೊಡ್ಡದಾಗುವುದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿನಷ್ಟು, ತಲೆಗೂದಲಿಗಿಂತ ಎಷ್ಟೋ ತೆಳು. ಆದರೆ ಸಿಕ್ಕಿಕೊಂಡ ಜಾಗದಲ್ಲಿ ಅಷ್ಟೇ ಸಾಕಾಗಬಹುದು. ಬಿಸಿಗೆ ಎಣ್ಣೆಯೂ ನೀರಾಗಿ ಸಂದಿಗೆ ಇಳಿಯುತ್ತದೆ. ಕುದಿಯುವ ನೀರಿಗೆ 100 ಡಿಗ್ರಿಯ ಮೇಲೆ ಹೋಗಲು ಬಾರದು. ಹಾಗಾಗಿ ಬೆಂಕಿಗೆ ಕರಗುವ ಹೊದಿಕೆ ಇದಕ್ಕೆ ಕರಗುವುದಿಲ್ಲ.

ಬೆಳಿಗ್ಗೆ ಮೇಸ್ತ್ರಿಗೆ ಸಂಕೋಚದಿಂದಲೇ ಹೇಳಿದೆ. "ಬಿಸಿನೀರಾ? ಬೆಂಕಿಗೆ ಬರದಿದ್ದನ್ನು ನೋಡಿದ್ದೇನೆ ಮಾರಾಯ್ರೆ" ಎಂದರು. ಆಮೇಲೆ, "ನಷ್ಟವೇನಿದೆ, ತನ್ನಿ" ಎಂದರು.

ಅಮ್ಮ ಬಚ್ಚಲ ಒಲೆಯಿಂದ ಕುದಿಯುವ ನೀರು ತಂದರು. ಹಬ್ಬಿನ ಸುತ್ತ ಹಳೆಯ ಬಟ್ಟೆ ಸುತ್ತಿ, ಕಂಬಿಯ ತುದಿಯ ಬಿಲ್ಲೆಯ ಮೇಲೆ ಫ್ರಿಜ್ಜಿನ ಐಸ್ ತುಂಬಿದ ಪ್ಲಾಸ್ಟಿಕ್ ಚೀಲ ಒತ್ತಿಟ್ಟು, ಬಟ್ಟೆಯ ಮೇಲೆ ಚೊಂಬಿನಿಂದ ನೀರು ಹೊಯ್ದೆವು. ಮೇಸ್ತ್ರಿ ಬೋಲ್ಟನ್ನು ಕಾಲು ಸುತ್ತು ಬಿಗಿದರು. ಏನೂ ಆಗಲಿಲ್ಲ. ತಣಿಯಲು ಬಿಟ್ಟು ಮತ್ತೆ ಎಣ್ಣೆ ಬಿಟ್ಟರು. ಎರಡನೇ ಸಲವೂ ಏನೂ ಇಲ್ಲ. ಮೇಸ್ತ್ರಿ ಗಡಿಯಾರ ನೋಡಿದರು. ನಾನು ಮನಸ್ಸಿನಲ್ಲೇ ಕೊಯ್ಯುವ ಲೆಕ್ಕ ಹಾಕತೊಡಗಿದೆ.

"ಇನ್ನೊಂದು ಹಂಡೆ ಕಾಯಲಿ" ಎಂದರು ಅಪ್ಪಯ್ಯ. ಮೂರು ದಿನದಲ್ಲಿ ಅವರು ಆ ವಿಷಯಕ್ಕೆ ಆಡಿದ ಮೊದಲ ಮಾತು.

ಮೂರನೇ ಸಲ ಅಮ್ಮನೇ ನೀರು ಹೊಯ್ದರು. ಮಗ ಹತ್ತಿರ ಬಂದು ಬಗ್ಗಿ ನೋಡುತ್ತಿದ್ದ. "ದೂರ ನಿಲ್ಲು ಪುಟ್ಟ" ಎಂದು ಮೇಸ್ತ್ರಿ ಗದರಿಸಿದರು. ಅವನು ಮುಖ ಊದಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

ಠಣ್!

ಈಡು ಹೊಡೆದಂಥ ಸದ್ದು. ಕೊಟ್ಟಿಗೆಯ ದನ ಎದ್ದು ನಿಂತವು. ಇಡೀ ಚಕ್ರ, ಮೇಲಿನ ಕಬ್ಬಿಣದ ಪಟ್ಟಿ, ಬೋಲ್ಟು ಎಲ್ಲವೂ ಒಮ್ಮೆಲೇ ಮೇಲಕ್ಕೆ ಹಾರಿ, ಸಡಿಲಿಸಿ ಬಿಟ್ಟಿದ್ದ ನಟ್ಟಿಗೆ ಬಡಿದು ನಿಂತಿತು. ನಟ್ ಇಲ್ಲದಿದ್ದರೆ ಅದು ಎಲ್ಲಿಯವರೆಗೆ ಹಾರುತ್ತಿತ್ತೋ. ಮಗ ಬಗ್ಗಿದ್ದ ಜಾಗವನ್ನು ನಾನೂ ಅಮ್ಮನೂ ಒಟ್ಟಿಗೇ ನೋಡಿದೆವು. "ಮುಖವೂ ಉಳಿಯುತ್ತದೆ" ಎಂದು ಮೇಸ್ತ್ರಿ ಹೇಳಿದ್ದು ಆಗ ಅರ್ಥವಾಯಿತು. ಮೊದಲ ದಿನ ನಾನು ನಟ್ಟನ್ನು ಪೂರ್ತಿ ತೆಗೆದಿಟ್ಟು ಅದೇ ಮಗನನ್ನು ಅಲ್ಲಿ ನಿಲ್ಲಿಸಿದ್ದೆ!

ಕಂಬಿಯ ಮೇಲಿನ ಚುಕ್ಕೆ

ಚಕ್ರ ಕೈಗೆ ಬಂತು. ಎಲ್ಲೂ ಒಂದು ಗೀರು ಬಿದ್ದಿರಲಿಲ್ಲ. ಮತ್ತೆ ಹಾಕುವಾಗ ಅದೇ ಹಲ್ಲಿಗೆ ಕೂರಬೇಕು. ಇಲ್ಲದಿದ್ದರೆ ಗಾಲಿ ನೇರವಿದ್ದಾಗ ಚಕ್ರ ಓರೆಯಾಗುತ್ತದೆ. ಅದಕ್ಕೆ ಗುರುತು ಹಾಕಲು ಮೇಸ್ತ್ರಿ ಪಂಚ್ ಹಿಡಿದು ಬಗ್ಗಿದವರು, "ಇಲ್ಲಿ ಆಗಲೇ ಒಂದು ಚುಕ್ಕೆ ಇದೆಯಲ್ಲ" ಎಂದರು. ಶಾಫ್ಟಿನ ತುಕ್ಕಿನ ಕೆಳಗೆ ಒಂದು, ಹಬ್ಬಿನ ಅಂಚಿನಲ್ಲಿ ಒಂದು. ಎರಡೂ ಎದುರುಬದುರು.

"ಅದು ನಾನು ಹೊಡೆದದ್ದು" ಎಂದರು ಅಪ್ಪಯ್ಯ.

ಜೀಪು ತಂದ ಕೆಲವು ವರ್ಷದ ಮೇಲೆ ಅವರೇ ಒಮ್ಮೆ ಈ ಚಕ್ರ ಬಿಚ್ಚಿದ್ದರಂತೆ. ಆಗ ಸುಲಭವಾಗಿ ಬಂದಿತ್ತು. ಮತ್ತೆ ಹಾಕುವಾಗ, ಘಾಟಿಯಲ್ಲಿ ಕಳಚಿಬಿಟ್ಟರೆ ಎಂಬ ಭಯಕ್ಕೆ ಸ್ಪ್ಯಾನರಿಗೆ ಮೂರಡಿ ಪೈಪು ಸಿಕ್ಕಿಸಿ ಬಿಗಿದಿದ್ದರು. "ಒಂದು ಬೆರಳು ಗ್ರೀಸ್ ಸವರಬೇಕಿತ್ತು. ಸವರಲಿಲ್ಲ. ಹಿಂದೆ ನೀವೆಲ್ಲ ಕೂತಿರುತ್ತಿದ್ದಿರಲ್ಲ, ಬಿಗಿ ಇದ್ದಷ್ಟೂ ಒಳ್ಳೆಯದು ಎಂದುಕೊಂಡಿದ್ದೆ." ಹೀಗೆಂದು ನನ್ನ ಮಗನ ಕಡೆ ತಿರುಗಿ ನಕ್ಕರು. "ನಿನ್ನಪ್ಪ ಸುತ್ತಿಗೆ ಹೊಡೆದು ಕೆಡಿಸಿದ. ಅವನಪ್ಪ ಪೈಪು ಹಾಕಿ ಕೆಡಿಸಿದ್ದ. ನೀನು ಏನು ಮಾಡುತ್ತೀಯೋ!"

ಬಾಕ್ಸ್ ಬಿಚ್ಚಿದಾಗ ಒಳಗಿನ ಪಿನ್ನುಗಳ ಒಂದು ಬದಿ ಚಪ್ಪಟೆಯಾಗಿ ಸವೆದಿತ್ತು. ಬೇರಿಂಗ್ ಬಟ್ಟಲಿನಲ್ಲಿ ಗುಳಿಗಳಿದ್ದವು. ಅದರಲ್ಲಿ ಎಷ್ಟು ನನ್ನ ಸುತ್ತಿಗೆಯದೆಂದು ನಾನು ಕೇಳಲಿಲ್ಲ, ಮೇಸ್ತ್ರಿ ಹೇಳಲಿಲ್ಲ. ಶಿವಮೊಗ್ಗದಿಂದ ಹೊಸ ಭಾಗಗಳು ಬಂದವು. ತೆಳು ತಗಡಿನ ಶಿಮ್‌ಗಳನ್ನು ಒಂದೊಂದೇ ತೆಗೆದು ಹಾಕಿ ಮೇಸ್ತ್ರಿ ಪ್ಲೇ ಸರಿಮಾಡಿದರು. ಕೊನೆಗೆ ಶಾಫ್ಟಿನ ತುದಿಗೆ ತೆಳ್ಳಗೆ ಗ್ರೀಸ್ ಸವರಿದ್ದು ನನ್ನ ಮಗ. ಚುಕ್ಕೆಗೆ ಚುಕ್ಕೆ ಕೂಡಿಸಿ ಚಕ್ರ ಕೂರಿಸಿದ್ದು ಅಪ್ಪಯ್ಯ. ಪೈಪಿಲ್ಲದೆ, ಕೈಬಲದಲ್ಲಿ ಮಾತ್ರ ನಟ್ ಬಿಗಿದದ್ದು ನಾನು, ಮೇಸ್ತ್ರಿ "ಸಾಕು" ಎನ್ನುವವರೆಗೆ.

ಆಯುಧಪೂಜೆಯ ದಿನ ಜೀಪಿಗೆ ಚೆಂಡುಹೂವಿನ ಮಾಲೆ ಹಾಕಿ, ಗಾಲಿಗೆ ನಿಂಬೆಹಣ್ಣು ಇಟ್ಟೆವು. ಪೂಜೆ ಮುಗಿಸಿ ಅಪ್ಪಯ್ಯ ಬಲಗಡೆ ಹತ್ತುತ್ತಾರೆಂದು ನಾನು ದಾರಿ ಬಿಟ್ಟು ನಿಂತೆ. ಅವರು ಸುತ್ತು ಬಳಸಿ ಹೋಗಿ ಎಡಗಡೆ ಹತ್ತಿ ಕೂತರು. "ಕಣ್ಣು ಮೊದಲಿನ ಹಾಗೆ ಇಲ್ಲ. ಚರಂಡಿಗೆ ಹೋದದ್ದರಲ್ಲಿ ಸ್ಟೀರಿಂಗಿನ ತಪ್ಪು ಅರ್ಧ ಮಾತ್ರ" ಎಂದರು. ಅಮ್ಮನಿಗೆ ಕೇಳಿಸದಷ್ಟು ಮೆಲ್ಲಗೆ.

ನಾನು ಸ್ಟೀರಿಂಗ್ ಹಿಡಿದೆ. ಬಲಗೈ ತಾನಾಗಿ ಆ ಸವೆದ ಜಾಗಕ್ಕೆ ಹೋಗಿ ಕೂತಿತು. ಹಳೆಯ ತಿರುವಿನಲ್ಲಿ ಜೀಪು ಹೇಳಿದ ಮಾತು ಕೇಳಿತು. ಎಡಗಡೆಯಲ್ಲಿ ಅಪ್ಪಯ್ಯನ ಕಾಲು ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಒತ್ತುತ್ತಲೇ ಇತ್ತು.

ನೀವೂ ಮಾಡಿ ನೋಡಿ

ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳನ್ನು ಒಂದರೊಳಗೊಂದು ಒತ್ತಿ ಸಿಕ್ಕಿಸಿ. ಒಳಗಿನ ಲೋಟಕ್ಕೆ ತಣ್ಣೀರು ಅಥವಾ ಐಸ್ ಹಾಕಿ. ದೊಡ್ಡವರ ಸಹಾಯದಿಂದ ಹೊರಗಿನ ಲೋಟವನ್ನು ಬಿಸಿನೀರಿನಲ್ಲಿ ಒಂದು ನಿಮಿಷ ಇಡಿ. ಆಮೇಲೆ ಬಟ್ಟೆಯಿಂದ ಹಿಡಿದು ತಿರುಚಿ. ಬಿಸಿ ಮತ್ತು ತಣ್ಣೀರನ್ನು ಅದಲುಬದಲು ಮಾಡಿದರೆ ಏನಾಗಬಹುದು? ಮೊದಲು ಊಹಿಸಿ, ಆಮೇಲೆ ಪರೀಕ್ಷಿಸಿ.

ದೊಡ್ಡವರ ಗಮನಕ್ಕೆ

* ಏರ್‌ಬ್ಯಾಗ್ ಇರುವ ಯಾವುದೇ ವಾಹನದ ಸ್ಟೀರಿಂಗನ್ನು ಮನೆಯಲ್ಲಿ ಬಿಚ್ಚಬೇಡಿ. ಅದು ತರಬೇತಿ ಪಡೆದವರ ಕೆಲಸ.
* ಹಳೆಯ ಗಾಡಿಯಾದರೂ ಮೊದಲು ಬ್ಯಾಟರಿ ವೈರ್ ಕಳಚಿ, ಗಾಲಿ ನೇರ ಮಾಡಿ, ಚಕ್ರಕ್ಕೂ ಶಾಫ್ಟಿಗೂ ಗುರುತು ಹಾಕಿ.
* ನಟ್ಟನ್ನು ಕೆಲವು ಸುತ್ತು ಸಡಿಲಿಸಿ ಅಲ್ಲೇ ಬಿಡಿ. ಪುಲ್ಲರ್ ಬಿಗಿಯುವಾಗ ಮುಖ, ಎದೆ ಅದರ ನೇರಕ್ಕೆ ಇರದಿರಲಿ. ಮಕ್ಕಳು ದೂರವಿರಲಿ.
* ಶಾಫ್ಟಿನ ತಲೆಗೆ ಸುತ್ತಿಗೆ ಏಟು ಬೇಡ.
* ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿರುವ ಖಾಸಗಿ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಲು 2021ರ ಕೇಂದ್ರ ನಿಯಮಗಳಲ್ಲಿ ಅವಕಾಶವಿದೆ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಹಳೆಯ ಭಾಗವನ್ನು ಕೊಯ್ದು ಎಸೆಯುವ ಮುನ್ನ ಎರಡು ಸಲ ಯೋಚಿಸಿ.